ಅಳಿಯ ಆರಿಸಿದ, ಮಾವ ಆರಿಸಿದರು

ಬೀದಿಯವರು ಅವನನ್ನು ಹಲ್ಲಣ್ಣ ಎಂದು ಕರೆಯುತ್ತಿದ್ದರು. ಅವನ ಹಲ್ಲೇನೂ ಮುಂದೆ ಬಂದಿರಲಿಲ್ಲ. ಬೇರೆಯವರ ಹಲ್ಲು ಮಾಡಿಕೊಡುವುದು ಅವನ ಕಸುಬು. ಡಾಕ್ಟರುಗಳು ಬಾಯಿಯ ಅಳತೆ ಕಳಿಸುತ್ತಿದ್ದರು. ಇವನು ಮನೆಯ ಮುಂದಿನ ಕೋಣೆಯಲ್ಲಿ ಕೂತು ವಸಡಿನ ಅಚ್ಚು ತೆಗೆದು, ಅದರ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನೆಟ್ಟು ಕಳಿಸುತ್ತಿದ್ದ. ಬಾಯಿಗೆ ಸರಿಹೊಂದಿತು ಎಂದು ಡಾಕ್ಟರು ಹೇಳಿದ ಮೇಲೆ ಮೇಣ ಹೋಗಿ ಗುಲಾಬಿ ಬಣ್ಣದ ಗಟ್ಟಿ ಸೆಟ್ಟು ಆಗುತ್ತಿತ್ತು. ಊರಿನಲ್ಲಿ ಎಷ್ಟೋ ಜನ ಅವನು ಮಾಡಿದ ಹಲ್ಲಿನಲ್ಲಿ ನಗುತ್ತಿದ್ದರು, ಜಗಳವಾಡುತ್ತಿದ್ದರು, ಮಗಳ ಮದುವೆಯ ಫೋಟೋಕ್ಕೆ ನಿಲ್ಲುತ್ತಿದ್ದರು. ಬಸ್ಸಿನಲ್ಲಿ ಎದುರು ಸೀಟಿನವರು ಆಕಳಿಸಿದರೆ ಇವನು ಕತ್ತು ಉದ್ದ ಮಾಡಿ ನೋಡಿ, "ನಮ್ದೇ" ಎಂದು ಹೆಂಡತಿಯ ಕಿವಿಯಲ್ಲಿ ಹೇಳುತ್ತಿದ್ದ. ಅವಳು ಮೊಣಕೈಯಿಂದ ತಿವಿದು, "ಸುಮ್ನೆ ಕೂತ್ಕೊಳ್ರಿ" ಎನ್ನುತ್ತಿದ್ದಳು.

ಹೆಂಡತಿಗೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ. ದಿನವಿಡೀ ಲೋಕದ ಪ್ರಶ್ನೆಗೆಲ್ಲ ಉತ್ತರ ಕೊಟ್ಟು ಬರುತ್ತಿದ್ದುದರಿಂದ ಮನೆಯಲ್ಲಿ ಅವಳ ಮಾತು ಒಂದು ಸಾಲಿಗಿಂತ ಉದ್ದವಾಗುತ್ತಿರಲಿಲ್ಲ. ಆ ಒಂದು ಸಾಲಿನ ಮೇಲೆ ಮತ್ತೆ ಯಾರೂ ಮಾತಾಡುತ್ತಿರಲಿಲ್ಲ.

ಇಂಥ ಹಲ್ಲಿನ ಮನೆಯಲ್ಲಿ ಒಂದು ಬೊಚ್ಚು ಬಾಯಿ ಇತ್ತು, ಅದು ಹಲ್ಲಣ್ಣನ ಮಾವನದು. ಮಾವ ವಿದ್ಯುತ್ ಕೇಂದ್ರದಲ್ಲಿ ಪಾಳಿ ಕೆಲಸ ಮಾಡಿ ನಿವೃತ್ತರಾದವರು. ಕಣ್ಣಿನ ಪೊರೆ ತೆಗೆಸಲು ಮಗಳ ಮನೆಗೆ ಬಂದರು. ಪೊರೆ ಹೋಗಿ ಕಣ್ಣು ನಿಚ್ಚಳವಾದ ಕೂಡಲೇ ಅವರಿಗೆ ಮೊದಲು ಕಂಡದ್ದು, ಈ ಮನೆಯಲ್ಲಿ ಯಾರೂ ಇಲ್ಲದ ಕೋಣೆಗಳಲ್ಲಿ ಸುಮ್ಮನೆ ಉರಿಯುತ್ತಿದ್ದ ದೀಪಗಳು. ಇದನ್ನು ಹೀಗೆಯೇ ಬಿಟ್ಟು ಹೋಗುವುದು ಹೇಗೆ? ಉಳಿದುಬಿಟ್ಟರು. ಅವರು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದರೆ ಹಿಂದೆ ಹಿಂದೆ ಕತ್ತಲಾಗುತ್ತ ಬರುತ್ತಿತ್ತು. ಹಲ್ಲಣ್ಣ ಸ್ನಾನಕ್ಕೆ ಹೋಗಿ ಮೈಗೆ ಸೋಪು ಹಚ್ಚಿಕೊಳ್ಳುವ ಹೊತ್ತಿಗೆ ಬಚ್ಚಲ ದೀಪ ಹೋಗುವುದು ಮಾಮೂಲಾಗಿತ್ತು.

ಅಳಿಯನಿಂದ ಹಲ್ಲು ಮಾಡಿಸಿಕೊಳ್ಳಲು ಮಾತ್ರ ಅವರು ಸುತರಾಂ ಒಪ್ಪಿರಲಿಲ್ಲ. "ಅಳಿಯಂದ್ರು ಕೊಟ್ಟ ಹಲ್ಲಲ್ಲಿ ಅಳಿಯಂದ್ರನ್ನೇ ಬೈಯೋದು ಚೆನ್ನಾಗಿರಲ್ಲ" ಎಂದು ಅವರ ವಾದ. ಬೈಯುವುದನ್ನು ಬಿಡಬಹುದಲ್ಲ ಎಂದು ಯಾರೂ ಕೇಳಲಿಲ್ಲ. ಅಕ್ಕಪಕ್ಕದವರಂತೂ, "ಹಲ್ಲಣ್ಣನ ಸೆಟ್ಟು ಅಷ್ಟು ಚೆನ್ನಾಗಿದ್ರೆ ಮಾವನ ಬಾಯಲ್ಲಿ ಯಾಕಿಲ್ಲ?" ಎಂದು ಗೇಟಿನ ಹತ್ತಿರ ನಿಂತು ಕೇಳುತ್ತಿದ್ದರು. ಹಲ್ಲಣ್ಣ ಅದನ್ನು ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದ.

ಮೊದಲು ಬಾಯಿಯ ಅಳತೆ ಪ್ಲಾಸ್ಟರಿನಲ್ಲಿ ಬರುತ್ತಿತ್ತು. ಡಬ್ಬದಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ ಕಳಿಸುತ್ತಿದ್ದರು. ಆಮೇಲೆ ಪಕ್ಕದ ಬೀದಿಯ ಡಾಕ್ಟರಮ್ಮ ಒಂದು ಸ್ಕ್ಯಾನರು ತಂದರು. ಪೆನ್ನಿನಂಥ ಕಡ್ಡಿಯನ್ನು ಬಾಯಿಯೊಳಗೆ ಆಡಿಸಿದರೆ ವಸಡಿನ ಉಬ್ಬುತಗ್ಗೆಲ್ಲ ಕಂಪ್ಯೂಟರಿನಲ್ಲಿ ಮೂಡುತ್ತದೆ. ಆ ಫೈಲು ಹಲ್ಲಣ್ಣನ ಪ್ರಿಂಟರಿಗೆ ಕೊಟ್ಟರೆ ಅಚ್ಚು ತಾನೇ ಎದ್ದು ಬರುತ್ತದೆ. ಹೊಸ ಯಂತ್ರ ತೋರಿಸಲು ಡಾಕ್ಟರಮ್ಮ ಇವರ ಮನೆಗೇ ಬಂದಿದ್ದರು. ಪ್ರಯೋಗಕ್ಕೆ ಒಂದು ಬಾಯಿ ಬೇಕಾಯಿತು. ಮಾವ, "ಬರೀ ಚಿತ್ರ ತಾನೆ? ತೆಗೀರಿ" ಎಂದು ಉದಾರವಾಗಿ ಬಾಯಿ ತೆರೆದರು. ಮೇಲಿನದು, ಕೆಳಗಿನದು, ಕಚ್ಚುವ ಅಂದಾಜು, ಎಲ್ಲ ಬಂತು. "ಎಷ್ಟು ಚೊಕ್ಕ ಬಂದಿದೆ ನೋಡಿ" ಎಂದು ಡಾಕ್ಟರಮ್ಮ ಹೊಗಳಿದರು. ಮಾವ ಅದು ತಮ್ಮ ವಸಡಿಗೆ ಸಂದ ಹೊಗಳಿಕೆ ಎಂದು ಇಟ್ಟುಕೊಂಡರು.

ತೊಂದರೆ ಬಂದದ್ದು ಫೈಲು ಕಳಿಸುವುದರಲ್ಲಿ. ಅವು ಹಲ್ಲಣ್ಣನ ಫೋನಿಗೆ ಬರುತ್ತಿದ್ದವು. ಅಲ್ಲಿ ನೆಂಟರ ಶುಭೋದಯ, ನಾದಿನಿ ಮಗುವಿನ ಕೇಶಮುಂಡನವಾದ ತಲೆ, ಯಾರದೋ ಕಳೆದುಹೋದ ನಾಯಿ, ಇವುಗಳ ನಡುವೆ ರೋಗಿಯ ದವಡೆ. ಒಂದು ದಿನ ಡಾಕ್ಟರಮ್ಮ ಫೋನು ಮಾಡಿ ಹೇಳಿದರು:

"ನೋಡಿ, ನಿಮ್ಮ ಮನೇಲಿ ಒಂದು ಸಣ್ಣ ಸರ್ವರ್ ಇಟ್ಕೊಳ್ಳಿ. ನಾನು ಕ್ಲಿನಿಕ್ಕಿಂದ ನೇರ ಅಲ್ಲಿಗೇ ಹಾಕ್ತೀನಿ. ನೀವು ಅಲ್ಲಿಂದ ತಗೊಳ್ಳಿ. ನಿಮ್ಮ ಫೋನಲ್ಲಿ ನನ್ನ ಪೇಷಂಟು ಕಾಣೆಯಾಗ್ತಾ ಇದ್ದಾರೆ."

ಹಲ್ಲಣ್ಣ ಹೆಂಡತಿಯ ತಮ್ಮನನ್ನು ಕರೆಸಿದ. ಭಾಮೈದ ಲಿಫ್ಟು ರಿಪೇರಿ ಮಾಡುವವನು. ಮನೆಯಲ್ಲಿ ಅವನ ಹೆಸರೇ ಲಿಫ್ಟು. ಕಂಪ್ಯೂಟರು ಅವನ ಹುಚ್ಚು. ಯಾರಾದರೂ ಹಳೆಯ ಯಂತ್ರ ಎಸೆಯುತ್ತಾರೆಂದರೆ ಅವನಿಗೆ ಮೂಗಿಗೇ ವಾಸನೆ ಬಡಿಯುತ್ತಿತ್ತು. ಮುಚ್ಚಿಹೋದ ಯಾವುದೋ ಅಂಗಡಿಯ ಬಿಲ್ಲಿನ ಕೌಂಟರಿನಲ್ಲಿದ್ದ ಪುಟ್ಟ ಕಂಪ್ಯೂಟರೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಊಟದ ಡಬ್ಬಿಗಿಂತ ಕೊಂಚ ದೊಡ್ಡದು, ಅಷ್ಟೆ. ಮನೆಯಲ್ಲಿ ಅದಕ್ಕೆ ಡಬ್ಬಿ ಎಂದೇ ಹೆಸರಾಯಿತು.

"ಭಾವ, ಇದು ಬಡಪಾಯಿ. ಮೆಮೊರಿ ಕಡಿಮೆ, ಉಸಿರು ಕಡಿಮೆ. ಇದರ ಮೇಲೆ ಭಾರದ್ದು ಹೇರಿದ್ರೆ ಕೂತಲ್ಲೇ ಕೂರುತ್ತೆ. ಹಗುರವಾದ ಆಪರೇಟಿಂಗ್ ಸಿಸ್ಟಮ್ ಆರಿಸ್ಬೇಕು."

"ನನಗೆ ಫ್ರಿಜ್ಜಿನ ಥರ ಇರಬೇಕು ಕಣಯ್ಯಾ," ಎಂದ ಹಲ್ಲಣ್ಣ. "ಪ್ಲಗ್ಗು ಹಾಕಿದ್ರೆ ತಣ್ಣಗಾಗುತ್ತೆ. ಅದಕ್ಕೇನು ಕೀಬೋರ್ಡು ಇದೆಯಾ, ಪಾಸ್‌ವರ್ಡು ಕೇಳುತ್ತಾ? ಹಂಗೆ ಮೂಲೆಯಲ್ಲಿ ಕೂತು ಅದರ ಪಾಡಿಗೆ ಅದು ಕೆಲಸ ಮಾಡ್ಬೇಕು."

ಹಲ್ಲಣ್ಣನಿಗೆ ಯಾವುದನ್ನಾದರೂ ಆರಿಸುವುದೆಂದರೆ ಅಷ್ಟು ಸುಲಭದ ಮಾತಲ್ಲ. ಒಂದು ಹಲ್ಲಿನ ಬಣ್ಣ ಆರಿಸಲು ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಟ್ಯೂಬಿನ ಬೆಳಕಿಗೆ ಹಿಡಿದು, ಅಂಗಳಕ್ಕೆ ಹೋಗಿ ಬಿಸಿಲಿಗೆ ಹಿಡಿದು, ವಾಪಸು ಬಂದು ಮತ್ತೆ ಕಿಟಕಿಗೆ ಹಿಡಿಯುವವನು. ಚಪ್ಪಲಿ ಕೊಳ್ಳಲು ಹೋದರೆ ಅಂಗಡಿಯವನು ಮೊದಲೇ ಕುರ್ಚಿ ಹಾಕಿ ನೀರು ಕೊಡುತ್ತಿದ್ದ. ಅಂಥವನ ಮುಂದೆ ಲಿಫ್ಟು ಮೂರು ಪೆನ್ ಡ್ರೈವು ಇಟ್ಟ. ಮೂರೂ ಪುಕ್ಕಟೆ ಸಿಗುವ ಲಿನಕ್ಸ್ ಬಳಗದವೇ, ಆದರೆ ಒಂದು ದೊಡ್ಡದು, ಒಂದು ನಡುವಿನದು, ಒಂದು ಚಿಕ್ಕದು.

ದೊಡ್ಡದನ್ನು ಹಾಕಿ, ನೋಡುವುದಕ್ಕೆಂದು ಒಂದು ಪರದೆ ಜೋಡಿಸಿದರು. ಪರದೆಯ ತುಂಬ ಒಂದು ಕೆರೆಯ ಚಿತ್ರ ಬಂತು, ಮೂಲೆಯಲ್ಲಿ ಇವತ್ತಿನ ಹವಾಮಾನ ಬಂತು. ಹಲ್ಲಣ್ಣನಿಗೆ ಕೆರೆ ತುಂಬ ಹಿಡಿಸಿತು. ಆದರೆ ಡಬ್ಬಿಯ ಫ್ಯಾನು ನೆರೆಮನೆಯ ಮಿಕ್ಸಿಯ ಹಾಗೆ ಕೂಗಿಕೊಳ್ಳಲು ಶುರುಮಾಡಿತು. ಒಂದು ಫೈಲು ತೆರೆಯುವಷ್ಟರಲ್ಲಿ ಹೆಂಡತಿ ಬಟ್ಟೆ ಒಗೆದು ಹರವಿ ಬಂದಳು.

"ಕೆರೆ ಮಾತ್ರ ಚೆನ್ನಾಗಿದೆ" ಎಂದ ಹಲ್ಲಣ್ಣ, ಬಿಡಲಾರದೆ.

"ಪರದೆಯೇ ಇಲ್ದೆ ಮೂಲೇಲಿ ಕೂರೋ ಡಬ್ಬಿ ಭಾವ ಇದು. ಕೆರೆ ಯಾರಿಗೆ ತೋರಿಸೋಕೆ?"

ನಡುವಿನದು ಲಿಫ್ಟುವಿನ ಮೆಚ್ಚಿನದು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಅವನು ಟಕಟಕನೆ ಬಡಿದರೆ ಅದು ಟಕಟಕನೆ ಉತ್ತರ ಕೊಡುತ್ತಿತ್ತು. ಫ್ಯಾನು ತಣ್ಣಗಾಯಿತು. "ಗಂಡಸು ಆಪರೇಟಿಂಗ್ ಸಿಸ್ಟಮ್ ಅಂದ್ರೆ ಇದು" ಎಂದ. ಅಕ್ಕ ಅವನ ಕಡೆ ನೋಡಿದ್ದಕ್ಕೆ, "ಅಂದ್ರೆ, ಗಟ್ಟಿ ಅಂತ" ಎಂದು ಸರಿಪಡಿಸಿಕೊಂಡ.

"ಆ ಮೂರನೇದು?" ಎಂದು ಹಲ್ಲಣ್ಣ ಕೇಳಿದ.

"ಅದು ಆಟದ ಸಾಮಾನು ಭಾವ. ಡಬ್ಬಿಯ ಡಿಸ್ಕಲ್ಲಿ ಮನೆ ಮಾಡೋದೇ ಇಲ್ಲ. ಪೆನ್ ಡ್ರೈವಿಂದ ಎದ್ದು ಮೆಮೊರಿಯಲ್ಲಿ ನಿಂತ್ಕೊಂಡೇ ಕೆಲಸ ಮಾಡುತ್ತೆ. ಆರಿಸಿದ್ರೆ ತಾನು ಯಾರು ಅಂತಾನೇ ಮರೆಯುತ್ತೆ, ಹಾಕಿದ್ರೆ ಹೊಸದಾಗಿ ಹುಟ್ಟುತ್ತೆ. ನಿಂತ ಬಸ್ಸಲ್ಲಿ ಸಂಸಾರ ಮಾಡ್ದಂಗೆ."

"ನನ್ನ ಫೈಲೂ ಮರೆಯುತ್ತಾ?"

"ಫೈಲು ಡಿಸ್ಕಲ್ಲಿರುತ್ತೆ, ಅದಕ್ಕೇನಾಗಲ್ಲ. ಆದ್ರೂ ಮರ್ಯಾದಸ್ಥರು ಹಾಕೋದಲ್ಲ ಅದು."

ಹೀಗೆ ನಡುವಿನದೇ ಗೊತ್ತಾಯಿತು. ಪರದೆ ತೆಗೆದರು. ಡಬ್ಬಿ ಮುಂದಿನ ಕೋಣೆಯ ಮೂಲೆಯಲ್ಲಿ, ಪ್ಲಾಸ್ಟರಿನ ಚೀಲದ ಪಕ್ಕ, ಒಂದು ಹಸಿರು ದೀಪ ಮಿಟುಕಿಸುತ್ತ ಕೂತಿತು. ಸರಿಯಾಗಿ ಬರುತ್ತದೋ ಇಲ್ಲವೋ ನೋಡಲು ಡಾಕ್ಟರಮ್ಮ ಕ್ಲಿನಿಕ್ಕಿನಿಂದ ಒಂದು ಫೈಲು ಕಳಿಸಿದರು. ರೋಗಿಗಳದ್ದು ಯಾಕೆಂದು ಮಾವನ ಬಾಯಿಯದನ್ನೇ ಕಳಿಸಿದರು. ಚೊಕ್ಕವಾಗಿ ಬಂತು. ಹಲ್ಲಣ್ಣ ಅಂದು ಎರಡು ಸಲ ಎದ್ದುಹೋಗಿ ಹಸಿರು ದೀಪ ನೋಡಿ ಬಂದ.

ಮಾರನೆಯ ದಿನ ಡಬ್ಬಿ ಸತ್ತಿತ್ತು. ದೀಪ ಉರಿಯುತ್ತಿದೆ, ಆದರೆ ಒಳಗೆ ಯಾರೂ ಇಲ್ಲ. ಲಿಫ್ಟು ಕೆಲಸ ಬಿಟ್ಟು ಬಂದು ಪರದೆ ಜೋಡಿಸಿ ನೋಡಿದ. ಬಿಳಿ ಅಕ್ಷರಗಳಲ್ಲಿ ಉದ್ದಕ್ಕೆ ಗೋಳು: ಡಿಸ್ಕು ಸರಿಯಿಲ್ಲ, ಪರೀಕ್ಷೆ ಮಾಡಬೇಕು, ಮಾಡಲಾ ಬೇಡವಾ. ಮಾಡು ಎಂದ. ಸರಿಹೋಯಿತು. ಒಂದು ದಿನ ನಡೆಯಿತು, ಮತ್ತೆ ಸತ್ತಿತು. ಮತ್ತೆ ಬಂದ. ಮತ್ತೆ ಸತ್ತಿತು. ಆ ವಾರ ನಗರದ ಲಿಫ್ಟುಗಳೆಲ್ಲ ಯಾರು ಗತಿಯೆಂದು ನಿಂತವೋ ಯಾರಿಗೆ ಗೊತ್ತು.

"ಕರೆಂಟು ಏರಿಳಿತ" ಎಂದ ಲಿಫ್ಟು. "ಪ್ಲಾಸ್ಟರಿನ ಧೂಳು" ಎಂದ. "ಇಲಿ" ಎಂದ. ಇಲಿ ಎಂದಾಗ ಮಾವ ಕುರ್ಚಿಯಲ್ಲಿ ಕೂತಲ್ಲಿಂದಲೇ, "ಈ ಮನೇಲಿ ಇಲಿ ಇಲ್ಲಪ್ಪ, ನಾನು ನೋಡಿಲ್ಲ" ಎಂದು ಸಾಕ್ಷಿ ಹೇಳಿದರು.

ನಿಜ ಕಾರಣ ಗೊತ್ತಾದದ್ದು ಒಂದು ಮಧ್ಯಾಹ್ನ. ಹಲ್ಲಣ್ಣ ಊಟವಾದ ಮೇಲೆ ಕೆಲಸದ ಮೇಜಿನ ಕೆಳಗೆ ಬಿದ್ದುಹೋದ ಒಂದು ಬಾಚಿಹಲ್ಲು ಹುಡುಕುತ್ತ ನೆಲದ ಮೇಲೆ ಮಂಡಿಯೂರಿದ್ದ. ಮಾವ ಬಂದರು. ಕೋಣೆಯಲ್ಲಿ ಯಾರೂ ಇಲ್ಲವೆಂದುಕೊಂಡರು. ಫ್ಯಾನು ಆರಿಸಿದರು. ದೀಪ ಆರಿಸಿದರು. ಆಮೇಲೆ ಮೂಲೆಗೆ ಹೋಗಿ ಬಗ್ಗಿ, ಗೋಡೆಯ ಸ್ವಿಚ್ಚು ಟಕ್ಕೆನಿಸಿದರು. ಹಸಿರು ದೀಪ ಹೋಯಿತು. ಕೈ ಒರೆಸಿಕೊಂಡು, ಹಾಡೊಂದನ್ನು ಗುನುಗುತ್ತ ಹೊರಟರು.

"ಮಾವ," ಎಂದ ಹಲ್ಲಣ್ಣ, ಮೇಜಿನ ಕೆಳಗಿನಿಂದ.

ಮಾವ ಬೆಚ್ಚಿದರು. "ಅಲ್ಲಿ ಏನು ಮಾಡ್ತಿದ್ದೀರಿ ಅಳಿಯಂದ್ರೆ?"

"ದಿನಾ ಅದನ್ನ ನೀವೇ ಆರಿಸ್ತಾ ಇದ್ರಾ?"

"ಮಲಗೋ ಮುಂಚೆ ಆರಿಸ್ತೀನಿ, ಬೆಳಗ್ಗೆ ಎದ್ದ ತಕ್ಷಣ ಹಾಕ್ತೀನಿ. ಮಧ್ಯಾಹ್ನ ಯಾರೂ ಇಲ್ದಾಗ ಆರಿಸ್ತೀನಿ. ಹಾಕೋದನ್ನ ಒಂದು ದಿನಾನೂ ಮರೆತಿಲ್ಲ." ಅವರ ದನಿಯಲ್ಲಿ ತಪ್ಪು ಮಾಡಿದವರ ಅಳುಕಿರಲಿಲ್ಲ, ಕರ್ತವ್ಯ ಮಾಡಿದವರ ತೃಪ್ತಿಯಿತ್ತು.

"ಅದನ್ನ ಹಂಗೆ ಆರಿಸ್ಬಾರ್ದು ಮಾವ. ಅದು ಕೆಲಸ ಮಾಡ್ತಾ ಇರುತ್ತೆ."

"ಏನು ಕೆಲಸ? ನಾನು ಎಷ್ಟು ಸಲ ನೋಡಿದ್ದೀನಿ. ಸುಮ್ನೆ ಕಣ್ಣು ಮಿಟುಕಿಸ್ಕೊಂಡು ಕೂತಿರುತ್ತೆ."

ಒಬ್ಬ ಆರಿಸಿ ಆರಿಸಿ ತಂದದ್ದನ್ನು ಇನ್ನೊಬ್ಬರು ದಿನಕ್ಕೆರಡು ಸಲ ಆರಿಸುತ್ತಿದ್ದರೆ ಯಾವ ಯಂತ್ರ ತಾನೆ ಬದುಕೀತು. ಅಂದು ಸಂಜೆ ಸಭೆ ಸೇರಿತು. ಇನ್ನು ಮುಟ್ಟುವುದಿಲ್ಲ ಎಂದು ಮಾವ ಮಾತು ಕೊಟ್ಟರು. ಮಾತು ಕೊಟ್ಟದ್ದು ಬಾಯಿ. ಸ್ವಿಚ್ಚು ಆರಿಸುತ್ತಿದ್ದದ್ದು ಕೈ. ಮರುದಿನ ಡಬ್ಬಿ ಮತ್ತೆ ಸತ್ತಿತ್ತು. ಸ್ವಿಚ್ಚಿನ ಮೇಲೆ ಹಲ್ಲಣ್ಣ ಟೇಪು ಅಂಟಿಸಿದ. ಮಾವ ಅದನ್ನು ಯಾರೋ ಬೇಜವಾಬ್ದಾರಿಯಿಂದ ಅಂಟಿಸಿದ ಟೇಪೆಂದು ನೀಟಾಗಿ ಸುಲಿದು ಉಂಡೆ ಮಾಡಿ ಕಸಕ್ಕೆ ಹಾಕಿದರು. ಲಿಫ್ಟು ಒಂದು ಬ್ಯಾಟರಿ ಪೆಟ್ಟಿಗೆ ತಂದು ನಡುವೆ ಜೋಡಿಸಿದ. ಗೋಡೆಯಲ್ಲಿ ಕರೆಂಟು ಹೋದರೂ ಡಬ್ಬಿಗೆ ಹೋಗದು. ಆದರೆ ಕರೆಂಟು ಹೋದಾಗ ಆ ಪೆಟ್ಟಿಗೆ ಕುಂಯ್ ಕುಂಯ್ ಎಂದು ಅಳುತ್ತಿತ್ತು. ಮಾವ ಸ್ವಿಚ್ಚು ಆರಿಸಿದರು, ಅದು ಅತ್ತಿತು. ಪಾಪ ಎನ್ನಿಸಿ ಅದರ ಗುಂಡಿಯನ್ನು ಹುಡುಕಿ ಅದನ್ನೂ ಆರಿಸಿದರು.

"ಅಪ್ಪಾ, ನಿಮಗೆ ಮಾತು ಅಂದ್ರೆ ಏನು ಅಂತ..." ಎಂದು ಲಿಫ್ಟು ಎದ್ದು ನಿಂತ.

"ನನ್ನ ಕೈ ಕಟ್ಟಿಹಾಕಿಬಿಡು," ಎಂದರು ಮಾವ, ನಿಜಕ್ಕೂ ನೊಂದುಕೊಂಡು. "ಆರಿಸೋವಾಗ ನನಗೆ ಗೊತ್ತೇ ಆಗಲ್ಲ ಕಣೋ. ಜೀವಮಾನವೆಲ್ಲ ಅದೇ ಕೆಲಸ ಮಾಡಿದ ಕೈ."

ಹಲ್ಲಣ್ಣನ ಹೆಂಡತಿ ಅಲ್ಲಿಯವರೆಗೆ ಸುಮ್ಮನೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟಳು.

"ಅಪ್ಪನ್ನ ಬದಲಾಯಿಸೋಕಾಗಲ್ಲ, ಡಬ್ಬಿ ಒಳಗಿರೋದನ್ನ ಬದಲಾಯಿಸಿ."

ಲಿಫ್ಟು ತಲೆ ಕೆರೆದುಕೊಂಡು, ಮೂರನೆಯ ಪೆನ್ ಡ್ರೈವನ್ನು ಜೇಬಿನಿಂದ ತೆಗೆದ. ಇಷ್ಟು ದಿನ ಅವನು ಅದರ ದೋಷವೆಂದು ಹೇಳುತ್ತಿದ್ದದ್ದೇ ಈಗ ಗುಣವಾಗಿ ಕಾಣತೊಡಗಿತು. ಕೆಲಸ ಮಾಡುವಾಗ ಅದು ತನ್ನ ಸಾಮಾನನ್ನು ಡಿಸ್ಕಿನ ತುಂಬ ಹರಡಿಕೊಂಡು ಕೂತಿರುವುದಿಲ್ಲ. ಹರಡಿಕೊಂಡವನನ್ನು ತಟ್ಟನೆ ಎಬ್ಬಿಸಿದರೆ ತಾನೆ ಕೆಡುವುದು? ಡಿಸ್ಕಿನಲ್ಲಿ ಹಲ್ಲಿನ ಫೈಲು ಬಿಟ್ಟರೆ ಬೇರೇನೂ ಇಲ್ಲ, ಅದನ್ನೂ ಬಂದ ಕೂಡಲೇ ಬರೆದು ಮುಚ್ಚಿಬಿಡುತ್ತದೆ. ಆರಿಸಿದರೆ ಆರಿತು. ಹಾಕಿದರೆ ಪೆನ್ ಡ್ರೈವಿನಿಂದ ಹೊಸದಾಗಿ ಎದ್ದು, ನಿನ್ನೆ ಏನಾಯಿತೆಂಬುದರ ಗೊಡವೆಯಿಲ್ಲದೆ ಕೆಲಸಕ್ಕೆ ನಿಲ್ಲುತ್ತದೆ. ಲಿಫ್ಟು ಅದನ್ನು ಇನ್ನೂ ಹಗುರ ಮಾಡುವ ಹುರುಪಿನಲ್ಲಿ ಇದು ಬೇಡ, ಅದು ಬೇಡ ಎಂದು ಒಂದಷ್ಟನ್ನು ಕಿತ್ತು ಬಿಸಾಕಿದ. ಆಟದ ಸಾಮಾನು ಎಂದಿದ್ದವನೇ, "ನೋಡಿ ಭಾವ, ಹಕ್ಕಿಗರಿ" ಎಂದು ಎದೆಯುಬ್ಬಿಸಿದ.

ಪರೀಕ್ಷೆ ಮಾಡಬೇಕಲ್ಲ. ಮಾವನನ್ನು ಮೂಲೆಗೆ ಕರೆದರು. ಮೂವರೂ ಸುತ್ತ ನಿಂತರು.

"ಆರಿಸಿ ಮಾವ" ಎಂದ ಹಲ್ಲಣ್ಣ.

ಮಾವ ಸ್ವಿಚ್ಚಿನ ಮೇಲೆ ಬೆರಳಿಟ್ಟು ಹಿಂದಕ್ಕೆ ತೆಗೆದರು. "ಓಡ್ತಾ ಇರೋ ಯಂತ್ರಾನ ಹಿಂಗೆ ಏಕಾಏಕಿ ಆರಿಸ್ಬಾರ್ದು ಅಳಿಯಂದ್ರೆ. ಅದಕ್ಕೊಂದು ಕ್ರಮ ಇದೆ."

ಲಿಫ್ಟು ಗೋಡೆಗೆ ಹಣೆ ಒರಗಿಸಿ ನಿಂತ.

ಎಷ್ಟು ಹೇಳಿದರೂ ಅವರ ಕೈ ಬರಲಿಲ್ಲ. ಎಲ್ಲರೂ ನೋಡುತ್ತಿರುವಾಗ ಆರಿಸುವುದು ಅವರಿಗೆ ಕೊಲೆಯ ಹಾಗೆ ಕಂಡಿತು. ಕೊನೆಗೆ ಹೆಂಡತಿ, "ಎಲ್ಲರೂ ಚಹಾ ಕುಡಿಯೋಕೆ ಬನ್ನಿ" ಎಂದು ಕೋಣೆ ಖಾಲಿ ಮಾಡಿಸಿದಳು. ಚಹಾ ಸೋಸುವಷ್ಟರಲ್ಲಿ ಮುಂದಿನ ಕೋಣೆಯಿಂದ ಟಕ್ ಎಂದು ಕೇಳಿತು. ಹೋಗಿ ಹಾಕಿದರು, ಡಬ್ಬಿ ಎದ್ದು ಕೂತಿತು. ಫೈಲು ಇದ್ದಲ್ಲೇ ಇತ್ತು. ಅಂದಿನಿಂದ ಮಾವ ಆರಿಸಿದಷ್ಟು ಸಲವೂ ಅದು ಎದ್ದಿತು. ಹಲ್ಲಣ್ಣ ಬೀದಿಯಲ್ಲಿ ಸಿಕ್ಕವರಿಗೆಲ್ಲ ಅದರ ಕಥೆ ಹೇಳತೊಡಗಿದ. ಹಾಲಿನವನು ಕೂಡ ಹಗುರವಾದ ಆಪರೇಟಿಂಗ್ ಸಿಸ್ಟಮ್ ಬಗ್ಗೆ ತಿಳಿದುಕೊಳ್ಳಬೇಕಾಯಿತು.

ಈ ಹೊಸ ವ್ಯವಸ್ಥೆಯಲ್ಲಿ ಬಂದ ಮೊದಲ ರೋಗಿ ನಿವೃತ್ತ ಹೆಡ್‌ಮಿಸ್ಸು. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು, ಉಳಿದರ್ಧಕ್ಕೆ ಹೆದರಿಕೆ ಕಲಿಸಿದವರು. ಹಲ್ಲಿನ ಮಾದರಿಯನ್ನು ಅವರೇ ಕ್ಲಿನಿಕ್ಕಿನಲ್ಲಿ ಕಾರ್ಡು ನೋಡಿ ಆರಿಸಿದ್ದರು: ಚಿಕ್ಕ ಚಿಕ್ಕ, ಮುತ್ತಿನಂಥ, ಅಚ್ಚ ಬಿಳಿ ಹಲ್ಲು. ಡಾಕ್ಟರಮ್ಮ ಫೋನು ಮಾಡಿ, "ಮೇಡಂ ಸ್ಕ್ಯಾನು ಹಾಕಿದ್ದೀನಿ, ಕೊನೇದಾಗಿ ಬಂದಿದ್ದು" ಎಂದರು. ಫೈಲುಗಳಿಗೆ ಹೆಸರಿರಲಿಲ್ಲ, ಯಂತ್ರ ಕೊಟ್ಟ ಅಂಕಿಗಳಷ್ಟೆ. ಹೊಸದು ಯಾವತ್ತೂ ಎಲ್ಲದರ ಮೇಲೆ ಇರುತ್ತದೆ. ಹಲ್ಲಣ್ಣ ಮೇಲಿನದನ್ನು ತೆಗೆದುಕೊಂಡು ಅಚ್ಚು ಮಾಡಿದ. ಮಾಡುತ್ತ ಮಾಡುತ್ತ ಹೆಂಡತಿಯನ್ನು ಕರೆದು ತೋರಿಸಿದ.

"ನೋಡೇ, ಎಂಥ ಶಿಸ್ತಿನ ವಸಡು. ಒಂದು ಓರೆ ಇಲ್ಲ, ಒಂದು ಕೋರೆ ಇಲ್ಲ. ಹೆಡ್‌ಮಿಸ್ಸು ಅಂದ್ರೆ ಬಾಯೊಳಗೂ ಹೆಡ್‌ಮಿಸ್ಸೇ."

ಮೇಣದಲ್ಲಿ ಹಲ್ಲು ನೆಟ್ಟು ಕ್ಲಿನಿಕ್ಕಿಗೆ ಕಳಿಸಿದ. ಕಳಿಸಿದ ದಿನವೇ ಫೋನು ಬಂತು.

"ಏನ್ರಿ ಇದು," ಎಂದರು ಡಾಕ್ಟರಮ್ಮ, ದನಿ ತಗ್ಗಿಸಿ. ಹೆಡ್‌ಮಿಸ್ಸು ಪಕ್ಕದ ಕೋಣೆಯಲ್ಲೇ ಇದ್ದರೆಂದು ಕಾಣುತ್ತದೆ. "ಮೇಲಿನದು ಕೂರ್ತಾ ಇಲ್ಲ, ಕೆಳಗಿನದು ಗಿರಗಿರ ತಿರುಗ್ತಾ ಇದೆ. ಮೇಡಂ ಕನ್ನಡಿ ನೋಡ್ಕೊಂಡು, ‘ಇದು ಯಾರ ಬಾಯಿ?’ ಅಂತ ಕೇಳಿದ್ರು. ನನಗೆ ಶಾಲೆ ದಿನ ನೆನಪಾಗಿ ಬೆವರು ಬಂತು."

ಮೇಣದ ಸೆಟ್ಟು ವಾಪಸು ಬಂತು. ಹಲ್ಲಣ್ಣ ಅದನ್ನು ಔಷಧಿ ನೀರಿನಲ್ಲಿ ಅದ್ದಿ ತೊಳೆದು, ಮೇಜಿನ ಮೇಲಿಟ್ಟು, ಅಚ್ಚಿಗೆ ಕೂರಿಸಿ ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ಇಂಥ ಅವಮಾನ ಆಗಿರಲಿಲ್ಲ. ಆ ಸಂಜೆ ಅವನು ಅನ್ನದ ತಟ್ಟೆಯ ಮುಂದೆ ಕೂತು ಬರೀ ಅನ್ನ ಕಲಸುತ್ತಿದ್ದ. ಲಿಫ್ಟು ಬಂದು ತಪ್ಪು ಡಾಕ್ಟರಮ್ಮನ ಸ್ಕ್ಯಾನರಿನದು ಎಂದ. ಫೋನಿನಲ್ಲಿ ಡಾಕ್ಟರಮ್ಮ ಹಲ್ಲಣ್ಣನ ಪ್ರಿಂಟರಿನದು ಎಂದರು. ಹಲ್ಲಣ್ಣ ವಯಸ್ಸಾಗಿ ತನ್ನ ಕಣ್ಣೇ ಕೆಟ್ಟಿರಬೇಕು ಎಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು.

ಮಾವ ಮುಂದಿನ ಕೋಣೆಯಲ್ಲಿ ಮೇಜಿನ ಹತ್ತಿರ ನಿಂತು ಆ ಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅವರಿಗೆ ಮೊದಲಿನಿಂದಲೂ ಒಂದು ಗುಮಾನಿ: ಇಂಥದ್ದು ಯಾರ ಬಾಯಿಗೂ ಹಿಡಿಸಲು ಸಾಧ್ಯವೇ ಇಲ್ಲ, ಜನ ಕೊಟ್ಟ ದುಡ್ಡಿಗಾಗಿ ಸುಮ್ಮನಿರುತ್ತಾರೆ ಅಷ್ಟೆ. ಅದನ್ನು ಸಾಬೀತು ಮಾಡುವ ಹುಮ್ಮಸ್ಸಿನಲ್ಲಿ, "ಇದೆಲ್ಲಾ ಬಾಯಿಗೆ ಎಲ್ಲಿ ಹೋಗುತ್ತೆ" ಎಂದು ಮೇಲಿನದನ್ನು ಬಾಯಿಗಿಟ್ಟರು.

ಹೋಯಿತು. ಕೆಳಗಿನದನ್ನೂ ಇಟ್ಟರು. ಅದೂ ಹೋಯಿತು.

ಮಾವ ಮೆಲ್ಲಗೆ ಬಾಯಿ ಮುಚ್ಚಿದರು. ಇಷ್ಟು ವರ್ಷ ಒಳಕ್ಕೆ ಮಡಚಿಕೊಂಡಿದ್ದ ಕೆನ್ನೆಗಳು ತುಂಬಿ ಬಂದವು. ನಾಲಿಗೆಯನ್ನು ಒಂದು ಸಲ ಒಳಗೆಲ್ಲ ಓಡಾಡಿಸಿದರು, ಹೊಸ ಮನೆಯ ಕೋಣೆಗಳನ್ನು ನೋಡುವವರ ಹಾಗೆ. ಆಮೇಲೆ ಒಳಬಾಗಿಲಿಗೆ ಬಂದು, ಸ್ಪಷ್ಟವಾಗಿ, ಒಂದು ಅಕ್ಷರವೂ ಗಾಳಿಗೆ ಹೋಗದ ಹಾಗೆ ಹೇಳಿದರು:

"ಸರಿಯಾಗಿದೆಯಲ್ಲ."

ಮೂವರೂ ತಿರುಗಿ ನೋಡಿದರು. ಬಾಗಿಲ ಬಳಿ ಮಾವ ನಿಂತಿದ್ದರು, ಚಿಕ್ಕ ಚಿಕ್ಕ ಮುತ್ತಿನಂಥ ಹಲ್ಲು ಬಿಟ್ಟುಕೊಂಡು.

ಹಲ್ಲಣ್ಣ ಅವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ. ಬೆರಳಿನಿಂದ ಒತ್ತಿ ನೋಡಿದ. ಒಂದಿಷ್ಟೂ ಅಲುಗಲಿಲ್ಲ. "ಅಯ್ಯೋ, ಶಿಸ್ತಿನ ವಸಡು" ಎಂದ, ಕ್ಷೀಣವಾಗಿ.

ಲಿಫ್ಟು ಓಡಿಹೋಗಿ ಪರದೆ ಜೋಡಿಸಿದ. ಡಬ್ಬಿಯ ಪಟ್ಟಿಯಲ್ಲಿ ಮೇಲೆ ಕೂತದ್ದು ಪರೀಕ್ಷೆಗೆಂದು ಬಂದಿದ್ದ ಮಾವನ ಫೈಲು. ಹೆಡ್‌ಮಿಸ್ಸಿನದು ಕೆಳಗೆ ಬಿದ್ದಿತ್ತು. ಅದರ ಪಕ್ಕದಲ್ಲಿ ಯಾವುದೋ ಕಾಲದ ತಾರೀಖು, ಅವರೇ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಿರಬಹುದಾದ ಕಾಲದ್ದು. ಲಿಫ್ಟು ಪೆಚ್ಚಾದ. ಡಬ್ಬಿಯ ಹೊಟ್ಟೆಯೊಳಗೆ ಸಮಯ ಕಾಯುವ ಒಂದು ಬಟನ್ ಬ್ಯಾಟರಿ ಇರುತ್ತದೆ, ಅದು ಯಾವಾಗಲೋ ಸತ್ತಿತ್ತು. ಅದಿಲ್ಲದಿದ್ದರೆ ಡಬ್ಬಿ ಎದ್ದ ಕೂಡಲೇ ಇಂಟರ್‌ನೆಟ್ಟಿನಲ್ಲಿ ಗಂಟೆ ಎಷ್ಟೆಂದು ಕೇಳಿಕೊಳ್ಳಬೇಕು. ನಡುವಿನದು ಕೇಳಿಕೊಳ್ಳುತ್ತಿತ್ತು. ಚಿಕ್ಕದರಲ್ಲೂ ಕೇಳುವ ತುಣುಕಿತ್ತು. ಹಗುರ ಮಾಡುವ ಭರದಲ್ಲಿ ಲಿಫ್ಟು ಕಿತ್ತು ಬಿಸಾಕಿದ್ದರಲ್ಲಿ ಅದೂ ಒಂದು. ಹಾಗಾಗಿ ಮಾವ ಆರಿಸಿ ಹಾಕಿದಾಗಲೆಲ್ಲ ಡಬ್ಬಿ ಓಬೀರಾಯನ ಕಾಲದಲ್ಲಿ ಕಣ್ಣು ಬಿಡುತ್ತಿತ್ತು, ಇವತ್ತು ಬಂದ ಫೈಲನ್ನೂ ಹಳೆಯದೆಂದು ಪಟ್ಟಿಯ ತಳಕ್ಕೆ ಹಾಕುತ್ತಿತ್ತು.

"ಹಗುರ ಹಗುರ ಅಂತ ಗಡಿಯಾರಾನೇ ಎಸೆದ್ಯಾ?" ಎಂದಳು ಅಕ್ಕ.

"ತೀರಾ ಸಣ್ಣ ತುಣುಕು ಅಕ್ಕ ಅದು. ಇದ್ರೂ ಭಾರ ಆಗ್ತಿರ್ಲಿಲ್ಲ" ಎಂದು ಅವನು ತನ್ನ ವಿರುದ್ಧ ತಾನೇ ಹೇಳಿಕೊಂಡ.

ಹೊಸ ಬ್ಯಾಟರಿ ಹಾಕಿದರು, ಗಂಟೆ ಕೇಳುವ ತುಣುಕನ್ನು ವಾಪಸು ತಂದು ಕೂರಿಸಿದರು. ಹಲ್ಲಣ್ಣ ಈಗ ಖಡಾಖಂಡಿತವಾಗಿ ಹೇಳಿದ: "ಇದೇ ಇರಲಿ. ಇನ್ನು ಯಾವ ಪೆನ್ ಡ್ರೈವೂ ತರಬೇಡ. ಮೈ ಹಗುರ ಇರಲಿ, ಆದ್ರೆ ಇವತ್ತು ಯಾವ ದಿನ ಅಂತ ಗೊತ್ತಿರಲಿ." ಜೀವನದಲ್ಲಿ ಅವನು ಒಂದೇ ಮಾತಿಗೆ ಆರಿಸಿ ಮುಗಿಸಿದ್ದು ಅದೊಂದೇ ಇರಬೇಕು. ಮೊದಲ ಬಾರಿಗೆ ಹೆಂಡತಿ ಅವನ ಮಾತಿಗೆ ತಲೆದೂಗಿದಳು.

ಮಾವನಿಂದ ಮೇಣದ ಸೆಟ್ಟು ವಾಪಸು ಪಡೆಯುವುದು ಮಾತ್ರ ಸುಲಭವಾಗಲಿಲ್ಲ. ಅವರು ಕನ್ನಡಿ ಬಿಟ್ಟು ಬರಲಿಲ್ಲ.

"ಮಾವ, ಅದು ಮೇಣ, ಬಿಸಿ ಚಹಾ ಕುಡಿದ್ರೆ ಕರಗುತ್ತೆ. ಕೊಡಿ, ಗಟ್ಟಿ ಮಾಡ್ಕೊಡ್ತೀನಿ. ಹಲ್ಲು ಬೇರೆ ಹಾಕ್ತೀನಿ, ಇದು ಹೆಂಗಸರ ಅಳತೆ. ನಿಮಗೆ ದೊಡ್ಡದು, ಸ್ವಲ್ಪ ಹಳದಿ ಇರೋದು ಒಪ್ಪುತ್ತೆ."

"ಹಳದಿ ಹಲ್ಲು ನನಗೆ ಮೊದಲೇ ಇತ್ತು," ಎಂದರು ಮಾವ. "ಇದೇ ಇರಲಿ."

"ಅಳಿಯನ್ನ ಬೈಯೋಕಾಗಲ್ಲ ಅಂತಿದ್ರಲ್ಲ ಅಪ್ಪ?" ಎಂದಳು ಮಗಳು.

ಮಾವ ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ತಮ್ಮ ನಗುವನ್ನು ಓರೆಯಿಂದ ನೋಡಿಕೊಂಡರು. "ಇದು ಅವರು ಕೊಟ್ಟಿದ್ದಲ್ಲಮ್ಮ. ತಪ್ಪಾಗಿ ಬಂದಿದ್ದು."

ಹಲ್ಲಣ್ಣ ಮೇಣ ತೆಗೆದು ಅದೇ ಹಲ್ಲಿನಲ್ಲಿ ಗಟ್ಟಿ ಸೆಟ್ಟು ಮಾಡಿಕೊಟ್ಟ; ಹೀಗೆ ಅವರಿಗೆ ಹಲ್ಲು ಬಂತು. ಮೊದಲ ದಿನವೇ ಒಂದು ಸೌತೆಕಾಯಿಯನ್ನು ಎಲ್ಲರಿಗೂ ಕೇಳುವ ಹಾಗೆ ತಿಂದರು. ಗೇಟಿನ ಹತ್ತಿರ ನಿಂತು ಅಕ್ಕಪಕ್ಕದವರನ್ನು ತಾವಾಗಿಯೇ ಮಾತಾಡಿಸಿ, ನಗುವ ವಿಷಯವಿಲ್ಲದಿದ್ದರೂ ನಕ್ಕರು.

ಎರಡನೆಯ ಸಲ ತಪ್ಪಾಗಬಾರದೆಂದು ಡಾಕ್ಟರಮ್ಮ ಹೆಡ್‌ಮಿಸ್ಸನ್ನು ಹಲ್ಲಣ್ಣನ ಕೋಣೆಗೇ ಕರೆತಂದರು. ಈಗ ಸರಿಯಾದ ಫೈಲಿನಿಂದ ಮಾಡಿದ ಮೇಣದ ಸೆಟ್ಟು ಸಿದ್ಧವಾಗಿತ್ತು. ಅದೇ ಚಿಕ್ಕ ಹಲ್ಲು, ಅದೇ ಬಿಳಿ. ಮೇಡಂ ಬಾಯಿಗಿಟ್ಟರು; ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು. ಡಾಕ್ಟರಮ್ಮ ಉಸಿರು ಬಿಟ್ಟರು. ಹಲ್ಲಣ್ಣ ಕನ್ನಡಿ ಕೊಡುವಷ್ಟರಲ್ಲಿ ಮಾವ ಒಳಗಿನಿಂದ ಬಂದು, "ನಮಸ್ಕಾರ ಮೇಡಂ" ಎಂದು ಬಾಯಿ ತುಂಬ ನಕ್ಕರು.

ಹೆಡ್‌ಮಿಸ್ಸು ಅವರನ್ನೇ ನೋಡಿದರು. "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ."

"ಇರಲಾರದು. ನಾನು ಸಬ್‌ಸ್ಟೇಷನ್ನಿನಲ್ಲಿದ್ದೆ" ಎಂದು ಮಾವ ಇನ್ನೂ ಅಗಲವಾಗಿ ನಕ್ಕರು.

ಹಲ್ಲಣ್ಣ ಇಬ್ಬರ ನಡುವೆ ಕನ್ನಡಿ ಹಿಡಿದುಕೊಂಡು ನಿಂತ. ಮೇಡಂ ನಗದಿದ್ದರೆ ಸಾಕು ಎಂದು ಬೇಡಿಕೊಂಡ. ಅವರು ನಗಲಿಲ್ಲ; ಅದು ಅವರ ಸ್ವಭಾವದಲ್ಲೂ ಇರಲಿಲ್ಲ. ಮಾವ ಒಳಗೆ ಹೋದ ಮೇಲೆ ಕನ್ನಡಿಯನ್ನು ಒಮ್ಮೆ, ಬಾಗಿಲನ್ನು ಒಮ್ಮೆ ನೋಡಿದರು. ಸೆಟ್ಟನ್ನು ತೆಗೆದು ಹಲ್ಲಣ್ಣನ ಅಂಗೈಯಲ್ಲಿಟ್ಟರು.

"ಅಳತೆ ಸರಿಯಾಗಿದೆ. ಆದರೆ ಹಲ್ಲು ಸ್ವಲ್ಪ ದೊಡ್ಡದು ಹಾಕಿ. ಇಷ್ಟು ಬಿಳಿಯೂ ಬೇಡ." ಆಮೇಲೆ ದನಿ ತಗ್ಗಿಸಿ, "ಅವರಿಗೆ ಯಾರು ಹಾಕಿದ್ರು ಅಷ್ಟು ಚಿಕ್ಕದು? ವಯಸ್ಸಾದವರಿಗೆ ಒಪ್ಪೋದಿಲ್ಲ. ನೀವು ಅಂಥದ್ದು ಮಾಡಬೇಡಿ."

"ಇಲ್ಲ ಮೇಡಂ" ಎಂದ ಹಲ್ಲಣ್ಣ. ಡಾಕ್ಟರಮ್ಮ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಅವರು ಹೋದ ಮೇಲೆ ಒಳಗಿನಿಂದ ಮಾವನ ದನಿ ಕೇಳಿತು. ಅವರ ಕಿವಿ ಮೊದಲಿನಿಂದಲೂ ಚುರುಕು.

"ಹೊಟ್ಟೆಕಿಚ್ಚು ಅಳಿಯಂದ್ರೆ, ಅಷ್ಟೇ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಹಲ್ಲಣ್ಣ ಹಲ್ಲಿನ ಕಾರ್ಡುಗಳನ್ನು ಹೊರತೆಗೆದು, ಒಂದನ್ನು ಆರಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದ. ಆಮೇಲೆ ಬಿಸಿಲಿಗೆ ಹಿಡಿದು ನೋಡಲು ಅಂಗಳಕ್ಕೆ ಹೋದ.